ಎತ್ಕೊಂಡ್ರೆ ಅಭ್ಯಾಸ ಆಗುತ್ತೆ ಅನ್ನೋರಿಗೆ

"ಜಾಸ್ತಿ ಎತ್ಕೋಬೇಡಮ್ಮ, ಕೈ ಅಭ್ಯಾಸ ಆಗಿಬಿಡುತ್ತೆ." ಬಾಣಂತನ ಮುಗಿಸಿಕೊಂಡು ಮೈಸೂರಿಗೆ ಬಂದಾಗಿನಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಮಗು ನೋಡಲು ಬಂದವರು, ಪಕ್ಕದ ಮನೆಯವರು, ಫೋನ್ ಮಾಡಿದ ನೆಂಟರು, ಎಲ್ಲರದ್ದೂ ಇದೇ ಬುದ್ಧಿಮಾತು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ, ಗೊತ್ತು. ಆದರೂ ನಾನು ಒಪ್ಪುವುದಿಲ್ಲ. ಐದು ತಿಂಗಳ ಕೂಸು ಅಮ್ಮನ ಮೈಗೆ ಅಂಟಿಕೊಂಡೇ ಇರಬೇಕು ಅಂತ ಅತ್ತರೆ ಅದು ಹಠ ಅಲ್ಲ. ಹಸಿವು, ನಿದ್ದೆ ಹೇಗೋ ಹಾಗೆ ಅದಕ್ಕೆ ಅದೂ ಬೇಕು.

ನಮ್ಮ ಮಗಳು ಹೆಗಲ ಮೇಲೆ ಸುಖವಾಗಿ ನಿದ್ದೆ ಮಾಡುತ್ತಾಳೆ. ತೊಟ್ಟಿಲಿಗೆ ಹಾಕಲು ಬಗ್ಗಿದರೆ ಸಾಕು, ಕಣ್ಣು ಬಿಟ್ಟು ಅಳು. ಹಾಸಿಗೆ ತಣ್ಣಗಿದೆ ಅಂತಲೋ, ಹೊಟ್ಟೆ ನೋವು ಅಂತಲೋ ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳುತ್ತಿದ್ದರು. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದಾಗ ನನಗೆ ವಿಷಯ ಅರ್ಥವಾಯಿತು. ಮಲಗಿದ ಮಗುವನ್ನು ಕೆಳಗೆ ಇಡುವಾಗ ಅದರ ಎದೆಬಡಿತ ಏರುವುದು ಬೆನ್ನು ಹಾಸಿಗೆಗೆ ತಾಗಿದಾಗ ಅಲ್ಲವಂತೆ. ಅಮ್ಮನ ಮೈಯಿಂದ ಬೇರೆ ಆಗುವಾಗಲೇ ಏರಲು ಶುರುವಾಗುತ್ತದೆ. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಓಡಾಡಿ, ನಿದ್ದೆ ಹತ್ತಿದ ಮೇಲೆ ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಮಲಗಿಸಿ ಅನ್ನುತ್ತಾರೆ ಅವರು. ನಮ್ಮ ಮನೆಯಲ್ಲಿ ಇದು ಎಷ್ಟೋ ಸಲ ಕೆಲಸ ಮಾಡಿದೆ.

ಆದರೆ ದಿನವಿಡೀ ಎತ್ತಿಕೊಂಡಿರುವುದು ಸುಲಭವಾ? ತೋಳು ಬಿದ್ದುಹೋಗುತ್ತೆ, ಸೊಂಟ ಹಿಡಿದುಕೊಳ್ಳುತ್ತೆ. ಒಂದು ಲೋಟ ಕಾಫಿ ಕುಡಿಯಲೂ ಇನ್ನೊಬ್ಬರು ಬೇಕು. ಅದಕ್ಕೇ ಬೇಬಿ ಕ್ಯಾರಿಯರ್, ಅಂದರೆ ಮಗುವನ್ನು ನಮ್ಮ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಚೀಲ, ಹಾಕಿ ನೋಡೋಣ ಅಂದುಕೊಂಡೆ.

ಮನೆಯಲ್ಲಿ ಉಡುಗೊರೆಯಾಗಿ ಬಂದದ್ದು ಒಂದಿತ್ತು. ಮಗುವಿನ ಎರಡು ಕಾಲಿನ ನಡುವೆ ಸಣ್ಣ ಪಟ್ಟಿ ಅಷ್ಟೇ. ಕೂರಿಸಿದರೆ ಕಾಲು ನೇರ ಕೆಳಗೆ ಜೋತುಬೀಳುತ್ತಿತ್ತು, ಭಾರವೆಲ್ಲ ಆ ಪಟ್ಟಿಯ ಮೇಲೆ. ನನಗೆ ಸರಿ ಕಾಣಲಿಲ್ಲ, ತೆಗೆದಿಟ್ಟೆ. ಎಳೆ ಮಕ್ಕಳ ಸೊಂಟದ ಕೀಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಕೂತಾಗ ಮೊಣಕಾಲು ಕುಂಡೆಗಿಂತ ಮೇಲಿರಬೇಕು, ತೊಡೆ ಅಗಲಿಸಿರಬೇಕು, ಬಟ್ಟೆ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿನವರೆಗೂ ಹಿಡಿದಿರಬೇಕು. ನಮ್ಮ ಅಜ್ಜಿಯರು ಕಂಕುಳಲ್ಲಿ ಮಗುವನ್ನು ಕೂರಿಸಿಕೊಂಡಾಗ ಅದರ ಕಾಲು ಹೇಗೆ ಇರುತ್ತೆ ನೆನಪು ಮಾಡಿಕೊಳ್ಳಿ, ಹೆಚ್ಚುಕಡಿಮೆ ಹಾಗೇ. ಆಮೇಲೆ ಅಗಲ ಸೀಟಿನ, ಬಕಲ್ ಇರುವ ಹತ್ತಿ ಬಟ್ಟೆಯದ್ದು ತಂದೆವು. ತಂಗಿ ಒಂದು ರಿಂಗ್ ಸ್ಲಿಂಗ್ ಕೊಟ್ಟಳು, ಎರಡು ಬಳೆಗಳಲ್ಲಿ ಬಟ್ಟೆ ತೂರಿಸಿ ಹೆಗಲಿಗೆ ಹಾಕಿಕೊಳ್ಳುವ ಜೋಲಿ ಅದು.

ಮೊದಲ ಸಲ ಬಕಲ್ ಹಾಕುವಷ್ಟರಲ್ಲಿ ಮಗಳು ಜೋರಾಗಿ ಅಳಲು ಶುರುಮಾಡಿದಳು. ನಿಲ್ಲದೆ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ಓಡಾಡಿದೆ. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಯಾಯಿತು. ನನ್ನ ನೈಟಿಯ ಕೊರಳಪಟ್ಟಿ ಹಿಡಿದಿದ್ದ ಮುಷ್ಟಿ ಒಂದೊಂದೇ ಬೆರಳಾಗಿ ಸಡಿಲವಾಯಿತು. ಕೆನ್ನೆ ನನ್ನ ಎದೆಗೆ ಒತ್ತಿ, ತುಟಿ ಒಂದು ಕಡೆ ವಾರೆಯಾಗಿ, ಹಾಗೇ ನಿದ್ದೆ. ನನ್ನ ಎರಡೂ ಕೈ ಖಾಲಿ ಇದ್ದವು. ಆವತ್ತು ದೋಸೆಯನ್ನು ಬಿಸಿಯಾಗಿ ತಿಂದೆ.

ಇದೇನು ವಿದೇಶಿ ಫ್ಯಾಷನ್ ಅನ್ನುವವರೂ ಇದ್ದಾರೆ. ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಜಾರ್ಖಂಡಿನಿಂದ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ. ಮುಂದಕ್ಕೆ ಬಗ್ಗಿ ಮಗುವನ್ನು ಬೆನ್ನ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಹಿಡಿದು, ಬಟ್ಟೆಯನ್ನು ಅದರ ಕುಂಡೆಯ ಕೆಳಗಿನಿಂದ ಬಿಗಿಯಾಗಿ ತಂದು ಎದೆಯ ಮೇಲೆ ಗಂಟು ಹಾಕುತ್ತಾಳೆ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯಿತು. ಅದು ಬಡತನದ ಗುರುತಲ್ಲ, ಕಲಿತ ವಿದ್ಯೆ. ಕೊರಿಯಾ, ಜಪಾನ್, ಪೂರ್ವ ಆಫ್ರಿಕಾ, ಎಲ್ಲ ಕಡೆಯೂ ಅಮ್ಮಂದಿರು ಹೀಗೆ ಮಗುವನ್ನು ಕಟ್ಟಿಕೊಂಡೇ ಕೆಲಸ ಮಾಡಿದವರು. ನಾನು ಬಕಲ್ ಹಾಕಿಕೊಂಡರೆ ಸೋಮಾರಿ, ಅವಳು ಬಟ್ಟೆ ಕಟ್ಟಿಕೊಂಡರೆ ಪಾಪ. ಎರಡೂ ಮಾತು ತಪ್ಪು ಅಲ್ವಾ?

ಕಡಿಮೆ ತೂಕದ ಮಕ್ಕಳಿಗೆ ಡಾಕ್ಟರುಗಳೇ ಕಾಂಗರೂ ಆರೈಕೆ ಹೇಳುತ್ತಾರೆ. ಅಮ್ಮನ ಎದೆಗೆ ಮೈಗೆ ಮೈ ತಾಗುವಂತೆ ಗಂಟೆಗಟ್ಟಲೆ ಇಟ್ಟುಕೊಳ್ಳುವುದು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು, ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. ನನ್ನ ಮಗಳಿಗೆ ಅದರ ಅಗತ್ಯ ಬರಲಿಲ್ಲ, ಕ್ಯಾರಿಯರ್ ಅದಕ್ಕೆ ಬದಲೂ ಅಲ್ಲ. ಆದರೆ ಅಷ್ಟು ಹೊತ್ತು ಎದೆಗೆ ಅಪ್ಪಿಕೊಂಡರೆ ಮಗುವಿನ ಜೀವಕ್ಕೇ ಒಳ್ಳೆಯದು ಅಂತ ಆಸ್ಪತ್ರೆಯವರು ಹೇಳುವಾಗ, ಎತ್ತಿಕೊಂಡರೆ ಕೆಟ್ಟುಹೋಗುತ್ತೆ ಅಂತ ನಾವು ಹೇಗೆ ಹೇಳುವುದು?

ಜಾಗ್ರತೆ ಮಾತ್ರ ಬಹಳ ಮುಖ್ಯ, ಇದನ್ನು ದಯವಿಟ್ಟು ಓದಿ. ಮಗುವಿನ ಗದ್ದ ಎದೆಗೆ ತಾಗಿಬಿಟ್ಟರೆ ಉಸಿರಾಟಕ್ಕೆ ಕಷ್ಟ. ಗದ್ದದ ಕೆಳಗೆ ಒಂದೆರಡು ಬೆರಳು ಆಡುವಷ್ಟು ಜಾಗ ಇರಬೇಕು. ಮೂಗು, ಬಾಯಿ ಯಾವಾಗಲೂ ನಮ್ಮ ಕಣ್ಣಿಗೆ ಕಾಣಬೇಕು, ಬಟ್ಟೆಯಲ್ಲಿ ಮುಚ್ಚಬಾರದು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದರ ಲೆಕ್ಕಕ್ಕೆ ಬಂದ 14 ಸಾವುಗಳಲ್ಲಿ 12 ನಾಲ್ಕು ತಿಂಗಳೊಳಗಿನ ಮಕ್ಕಳದ್ದು. ಅದಕ್ಕೇ ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗು ಆದರೆ ಡಾಕ್ಟರನ್ನು ಕೇಳದೆ ಹಾಕಲೇಬೇಡಿ. ಒಲೆ ಮುಂದೆ, ಒಗ್ಗರಣೆ ಹಾಕುವಾಗ ಬೇಡವೇ ಬೇಡ. ಬೇಸಿಗೆಯಲ್ಲಿ ಮಗುವಿಗೆ ಒಂದೇ ತೆಳು ಅಂಗಿ ಸಾಕು, ನಮ್ಮ ಮೈ ಶಾಖ ಇದ್ದೇ ಇರುತ್ತೆ.

ಇನ್ನೊಂದು, ಇದು ನನಗೆ ನಿಜಕ್ಕೂ ಸಂಕಟ ಆಗುವ ವಿಷಯ. ಎದೆಗೆ ಕ್ಯಾರಿಯರ್‌ನಲ್ಲಿ ಮಗು ಕಟ್ಟಿಕೊಂಡು ಸ್ಕೂಟರ್ ಓಡಿಸುವವರನ್ನು ನಮ್ಮ ರಿಂಗ್ ರೋಡಿನಲ್ಲೇ ನೋಡಿದ್ದೇನೆ. ಕ್ಯಾರಿಯರ್ ನಡೆದಾಡಲು ಮಾಡಿದ್ದು, ಗಾಡಿಗೆ ಅಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಬೈಕಿನಲ್ಲಿ ಬೇರೆಯೇ ಸುರಕ್ಷತಾ ಬೆಲ್ಟ್, ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಅಂತ 2023ರಿಂದ ಕೇಂದ್ರದ ನಿಯಮವೇ ಇದೆ. ಅದಕ್ಕಿಂತ ಸಣ್ಣ ಕೂಸಿದ್ದರೆ ಆಟೋ ಹಿಡಿಯಿರಿ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನಮ್ಮ ಮಾವ. ಮೊದಮೊದಲು "ಇದೆಲ್ಲ ಹೆಂಗಸರದ್ದಮ್ಮ" ಅನ್ನುತ್ತಿದ್ದರು. ಒಂದು ಸಂಜೆ ಅತ್ತೆ "ಹಾಕ್ಕೊಂಡು ನೋಡಿ ಅಂದ್ರೆ" ಅಂತ ಗದರಿದರು. ನಾನು ಬೆಲ್ಟ್ ಉದ್ದ ಮಾಡಿ ಬಕಲ್ ಹಾಕಿಕೊಟ್ಟೆ. ಈಗ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವಾಗ ಮೊಮ್ಮಗಳು ಅವರ ಎದೆಯ ಮೇಲೆ. ಆ ಹೊತ್ತು ನಾನು ಸ್ನಾನ ಮಾಡುತ್ತೇನೆ, ಇಲ್ಲ ಸುಮ್ನೆ ಮಲಗುತ್ತೇನೆ. ಬೆಳಗ್ಗೆ ಮಗಳನ್ನು ಕಟ್ಟಿಕೊಳ್ಳುವ ಪಾಳಿ ನನ್ನ ಗಂಡನದ್ದು. ಸೊಸೆಗೆ, ಮಗಳಿಗೆ ಕ್ಯಾರಿಯರ್ ಕೊಡಿಸುವವರು ಮನೆಯ ಗಂಡಸರಿಗೂ ಆಗುವ ಅಳತೆಯದ್ದನ್ನೇ ಕೊಡಿಸಿ.

ಮೈಸೂರಿನಲ್ಲಿರುವವರು ಕೊಳ್ಳುವ ಮುಂಚೆ ಹಾಕಿ ನೋಡಬೇಕು ಅಂದರೆ ಮೆಸೇಜ್ ಮಾಡಿ. ನನ್ನ ಹತ್ತಿರ ಎರಡೂ ತರಹದ್ದಿದೆ. ಮಗುವನ್ನು ಕರೆದುಕೊಂಡೇ ಬನ್ನಿ, ಹಾಲು ಕುಡಿಸಿಕೊಂಡು ಬಂದರೆ ಒಳ್ಳೆಯದು. ಹಸಿದ ಮಗು ಯಾವ ಕ್ಯಾರಿಯರ್‌ನಲ್ಲೂ ನಿಲ್ಲುವುದಿಲ್ಲ.