ಪರ-ವಿರೋಧ: ದಾನಿ ಸಿಕ್ಕರೆ ಕಾಲೇಜು ಐಸ್ ಹಾಕಿ ತಂಡ ಕಟ್ಟಬೇಕಾ?

ಪರ: ಬರುವ ದುಡ್ಡನ್ನು ಬೇಡ ಅನ್ನುವುದೇಕೆ?

ನಿಜ ಹೇಳಿಬಿಡುತ್ತೇನೆ. ಈ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ನಾನು ನೋಡಿ ಬೆಳೆದದ್ದು ಕ್ರಿಕೆಟ್. ಐಸ್ ಹಾಕಿಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಗೋಲಾಗಿರುತ್ತದೆ.

ಆದರೆ ಅಮೆರಿಕದ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ನೋಡಿ. ಅಲ್ಲಿ ಹಾಕಿ ಇತ್ತು, ಕ್ಲಬ್ ಮಟ್ಟದಲ್ಲಿ. ಅಲ್ಲೇ ಓದಿ, ಆಮೇಲೆ ನೈಸರ್ಗಿಕ ಅನಿಲದ ವ್ಯವಹಾರದಲ್ಲಿ ದುಡ್ಡು ಮಾಡಿದ ಟೆರ್ರಿ ಪೆಗುಲಾ ಮತ್ತು ಅವರ ಹೆಂಡತಿ ಕಿಮ್ 2010ರಲ್ಲಿ 8.8 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಆಮೇಲೆ ಆ ಮೊತ್ತ 10 ಕೋಟಿ ದಾಟಿತು. 2012ರಲ್ಲಿ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಜನ್-1ಕ್ಕೆ ಬಂದವು. ಮರುವರ್ಷ ಸುಮಾರು 6,000 ಜನ ಕೂರುವ ಅರೀನಾ ತೆರೆಯಿತು. 2025ರಲ್ಲಿ ಪುರುಷರ ತಂಡ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ತಲುಪಿತು.

ಆ ದುಡ್ಡು ಬಂದದ್ದೇ ಹಾಕಿಗೆ ಅಂತ. ಬೇಡ ಅಂದಿದ್ದರೆ ಅದೇನು ಲೈಬ್ರರಿಗೆ ಬರುತ್ತಿತ್ತಾ? ಸುಮ್ನೆ ದಾನಿಯ ಜೇಬಿನಲ್ಲೇ ಉಳಿಯುತ್ತಿತ್ತು. ನನಗೆ ಕಾಣುವ ದೊಡ್ಡ ಕಾರಣ ಇದೊಂದೇ. ಇದಕ್ಕೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯ ಕೂಡ ಇದೆ. ಮರುಭೂಮಿಯಲ್ಲಿ ಐಸ್ ಹಾಕಿ ಅಂತ ನಗುವವರು ನಗಲಿ. 2014ರಲ್ಲಿ 3.2 ಕೋಟಿ ಡಾಲರ್ ದಾನ ಸಿಕ್ಕಿತು. ಕೆಲವೇ ನೂರು ಜನ ಹಿಡಿಯುವ ಹಳೇ ರಿಂಕ್‌ನಲ್ಲಿ (ಐಸ್ ಅಂಗಳದಲ್ಲಿ) ಆಡಿಕೊಂಡೇ ತಂಡ 2019ರಲ್ಲಿ ರಾಷ್ಟ್ರೀಯ ಟೂರ್ನಿ ಸೇರಿತು. ವರ್ಷವರ್ಷದ ಖರ್ಚು ಇದ್ದೇ ಇರುತ್ತದೆ. ಯಾವ ಆಟಕ್ಕಿಲ್ಲ ಹೇಳಿ?

ವಿರೋಧ: ಎಮ್ಮೆ ಕೊಟ್ಟವರು ಹಿಂಡಿ ಕೊಡ್ತಾರಾ?

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುತ್ತಾರಲ್ಲ, ಎದುರಿನವರ ವಾದ ಅಷ್ಟೇ. ಅವರು ಒಂದು ರಾತ್ರಿ ರಿಂಕ್‌ನಲ್ಲಿ ಕಳೆದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ನಾನು ಎರಡು ಚಳಿಗಾಲ ಕಳೆದಿದ್ದೇನೆ.

ಅಮೆರಿಕದಲ್ಲಿ ಎಂ.ಎಸ್. ಮಾಡುವಾಗ ಕೈಖರ್ಚಿಗೆ ಅಂತ ರಿಂಕ್‌ನಲ್ಲಿ ರಾತ್ರಿ ಪಾಳಿ ಹಿಡಿದಿದ್ದೆ. ಯಾವುದು ಅಂತ ಹೆಸರು ಬೇಡ. ಆ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ನಮ್ಮ ಕಡೆಯ 30-40 ಸೈಟು ಹದಿನಾಲ್ಕು ಹಿಡಿಸುತ್ತವೆ. ಐಸ್ ದಪ್ಪ ಮಾತ್ರ ಬರೀ ಒಂದಿಂಚು ಚಿಲ್ಲರೆ! ಅದರ ಕೆಳಗೆ ಕಾಂಕ್ರೀಟು, ಕಾಂಕ್ರೀಟಿನೊಳಗೆ ಪೈಪು, ಪೈಪಿನಲ್ಲಿ ಕೊರೆಯುವ ಉಪ್ಪುನೀರು. ಅದನ್ನು ತಣ್ಣಗಿಡುವ ಕಂಪ್ರೆಸರ್ ಹಗಲೂ ರಾತ್ರಿ ನಡೆಯುತ್ತಿರಬೇಕು. ಆಟ ಇರಲಿ, ಇಲ್ಲದಿರಲಿ, ಕರೆಂಟ್ ಬಿಲ್ ಓಡುತ್ತಲೇ ಇರುತ್ತದೆ. ನಮ್ಮಜ್ಜಿ ಎಮ್ಮೆ ಕಟ್ಟಿಕೊಂಡು ಮದುವೆ ಮನೆಗೂ ಹೋಗುತ್ತಿರಲಿಲ್ಲ. ಐಸ್ ಸಾಕುವುದೂ ಹಾಗೇ.

ಇಷ್ಟು ಐಸ್ ಒಂದರ ಖರ್ಚು. ಆಮೇಲೆ ಕೋಚ್‌ಗಳು, ಸ್ಕಾಲರ್‌ಶಿಪ್, ಪ್ರಯಾಣ. ಅಲಬಾಮದ ಹಂಟ್ಸ್‌ವಿಲ್‌ನ ವಿಶ್ವವಿದ್ಯಾಲಯದ ತಂಡ ಆಡುತ್ತಿದ್ದ ಲೀಗ್‌ನಲ್ಲಿ ಅಲಾಸ್ಕಾದ ತಂಡಗಳಿದ್ದವು. ಯೋಚನೆ ಮಾಡಿ, ದೇಶದ ದಕ್ಷಿಣ ಭಾಗದಿಂದ ವಾಯವ್ಯದ ತುದಿಗೆ, ಕಿಟ್ ಚೀಲಗಳ ಸಮೇತ. 2020ರಲ್ಲಿ ತಂಡ ನಿಲ್ಲಿಸುತ್ತೇವೆ ಅಂದರು. ಅಭಿಮಾನಿಗಳು ವಂತಿಗೆ ಎತ್ತಿ ಉಳಿಸಿಕೊಂಡರು. 2021ರಲ್ಲಿ ಮತ್ತೆ ನಿಂತೇಹೋಯಿತು. ಅದೇ ವರ್ಷ ಪಿಟ್ಸ್‌ಬರ್ಗ್ ಹತ್ತಿರದ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ ಕೂಡ ತನ್ನ ಎರಡೂ ತಂಡ ಮುಚ್ಚಿತು. ಆಮೇಲೆ ಮತ್ತೆ ತೆರೆದರು ಬಿಡಿ, ಅದು ಬೇರೆ ಕಥೆ.

ಅರಿಝೋನಾ ಹೆಸರೆತ್ತಿದ್ದಾರಲ್ಲ, ಅರ್ಧ ಕಥೆ ನುಂಗಿಕೊಂಡಿದ್ದಾರೆ. ಹಳೇ ರಿಂಕ್ ಸಾಲಲಿಲ್ಲ. 2022ರಲ್ಲಿ ಸುಮಾರು 5,000 ಸೀಟಿನ ಮಲೆಟ್ ಅರೀನಾ ಬಂತು. ಅದರ ಖರ್ಚು 13 ಕೋಟಿ ಡಾಲರ್‌ಗೂ ಜಾಸ್ತಿ. ತಂಡ ಶುರು ಮಾಡಲು ಬಂದ ದಾನ 3.2 ಕೋಟಿ. ಕಳೆದು ನೋಡಿ. ಪೆಗುಲಾ ಅಂಥವರು ಊರಿಗೊಬ್ಬರು ಸಿಗುತ್ತಾರಾ? ಇಲಿನಾಯ್ ವಿಶ್ವವಿದ್ಯಾಲಯ 2017ರಲ್ಲಿ ಹಾಕಿ ತಂಡ ಕಟ್ಟಬಹುದಾ ಅಂತ ಎನ್‌ಎಚ್‌ಎಲ್ (ಅಲ್ಲಿನ ವೃತ್ತಿಪರ ಐಸ್ ಹಾಕಿ ಲೀಗ್) ಬೆಂಬಲದಲ್ಲಿ ಅಧ್ಯಯನವನ್ನೇ ಮಾಡಿಸಿತು. ಅರೀನಾ ಮೇಲೇಳಲಿಲ್ಲ.

ಒಂದು ರಾತ್ರಿ ಮರೆಯುವುದಿಲ್ಲ. ಎರಡು ಗಂಟೆ ಹೊತ್ತಿಗೆ ಕಂಪ್ರೆಸರ್ ನಿಂತಿತು. ಮೊದಲು ಸದ್ದೇ ಹೋಯಿತು. ಫ್ಯಾನ್ ನಿಂತ ಮೇಲೇ ಅದು ತಿರುಗುತ್ತಿತ್ತು ಅಂತ ಗೊತ್ತಾಗುತ್ತಲ್ಲ, ಹಾಗೆ. ಆಮೇಲೆ ಐಸ್ ಮಂಕಾಯಿತು, ಮೇಲೆ ನೀರಿನ ಪೊರೆ. ಮ್ಯಾನೇಜರ್ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಲೇ ಇದ್ದರು. ಆತ ಬಂದದ್ದು ಐದು ಗಂಟೆಗೆ. ರಾತ್ರಿ ರೇಟು ಬೇರೆ. ಅಷ್ಟರಲ್ಲಿ ಗೋಲಿನ ಮುಂದೆ ಐಸ್ ಒಳಗೆ ಬಳಿದಿದ್ದ ನೀಲಿ ಬಣ್ಣ ಅಂಚಿನಲ್ಲಿ ಹರಡತೊಡಗಿತ್ತು. ಆರು ಗಂಟೆಗೆ ಮಕ್ಕಳ ಪ್ರಾಕ್ಟೀಸ್ ಇತ್ತು. ಅಪ್ಪ ಅಮ್ಮಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಇವತ್ತು ಇಲ್ಲ ಅನ್ನುವ ಕೆಲಸ ನನಗೆ ಬಿತ್ತು. ಆದರೂ ಇಬ್ಬರು ಹುಡುಗರು ಬಂದೇಬಿಟ್ಟರು, ಸ್ಕೇಟ್ ಕಟ್ಟಿಕೊಂಡು.