ಬಿದ್ದು ಎದ್ದಿದೆ, ಗಾಬರಿ ಬೇಡ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವವರಿಗೆ ಎರಡು ಕೆಲಸ. ಒಂದಕ್ಕೆ ಸಂಬಳ ಬರುತ್ತದೆ. ಇನ್ನೊಂದು ಅಕ್ಕಪಕ್ಕದವರ ಕಂಪ್ಯೂಟರ್ ರಿಪೇರಿ. ಆಫೀಸಿನಲ್ಲಿ ನಾನು ಮಾಡೋದು ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಂನ ಟೆಸ್ಟಿಂಗ್. ಇದನ್ನು ಪಕ್ಕದ ಮನೆ ಮೇಷ್ಟ್ರಿಗೆ ಆರು ವರ್ಷದಿಂದ ಹೇಳುತ್ತಲೇ ಇದ್ದೇನೆ. "ಎಲ್ಲಾ ಒಂದೇ ಅಲ್ವೇನಪ್ಪಾ" ಅನ್ನುತ್ತಾರೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ನಮ್ಮ ಎಮ್ಮೆ ಈಯೋ ಹಾಗಿದೆ ಸ್ವಲ್ಪ ಬನ್ನಿ ಅಂದ ಹಾಗೆ.

ಮೂರ್ನಾಲ್ಕು ವಾರದ ಹಿಂದೆ ಒಂದು ಭಾನುವಾರ ಬೆಳಗ್ಗೆ ಏಳಕ್ಕೇ ಬಾಗಿಲು ತಟ್ಟಿದರು. ಕಂಕುಳಲ್ಲಿ ಲ್ಯಾಪ್‌ಟಾಪ್. ಮುಖದಲ್ಲಿ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನೋ ಕಳೆ.

"ಪರದೆ ಕಪ್ಪಾಗುತ್ತೆ, ತಾನೇ ವಾಪಸ್ ಬರುತ್ತೆ. ಮತ್ತೆ ಕಪ್ಪಾಗುತ್ತೆ. ಆಮೇಲೆ ಬರೋದೇ ಇಲ್ಲ."

"ಯಾವಾಗಿಂದ ಮೇಷ್ಟ್ರೇ?"

"ಅಪ್‌ಗ್ರೇಡ್ ಆದಾಗಿಂದ."

"ಯಾಕೆ ಮಾಡೋಕೆ ಹೋದ್ರಿ?"

"ನಾನೆಲ್ಲಿ ಮಾಡಿದೆ? ದಿನಾ ಕೇಳ್ತಿತ್ತು. ಒಂದು ಕಡೆ 'ಈಗಲೇ' ಅಂತಿತ್ತು, ಇನ್ನೊಂದು ಕಡೆ 'ರಾತ್ರಿಗೆ' ಅಂತಿತ್ತು. 'ಬೇಡ' ಅನ್ನೋದು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ರಾತ್ರಿಗೆ ಅಂತ ಒತ್ತಿದೆ."

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ ಮೈಕ್ರೋಸಾಫ್ಟ್ ಉದ್ಯೋಗಿಯೊಬ್ಬರು ಕಂಪನಿಯ ಸಮ್ಮೇಳನದಲ್ಲಿ, ಇದೇ ವಿಂಡೋಸ್‌ನ ಕೊನೇ ಆವೃತ್ತಿ ಅನ್ನೋ ಮಾತಾಡಿದ್ದರು. "ಇದೇ ನನ್ನ ಕೊನೇ ಚುನಾವಣೆ" ಅನ್ನೋರನ್ನು ಐದೈದು ವರ್ಷಕ್ಕೊಮ್ಮೆ ನೋಡಿ ಬೆಳೆದ ನಾವಾದರೂ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. 2021ರ ಅಕ್ಟೋಬರ್‌ನಲ್ಲಿ ಹನ್ನೊಂದು ಬಂತು. 2025ರ ಅಕ್ಟೋಬರ್ 14ಕ್ಕೆ ಹತ್ತರ ಮಾಮೂಲಿ ಬೆಂಬಲ ನಿಂತಿತು. ಟಿಪಿಎಂ 2.0 ಅನ್ನೋ ಭದ್ರತೆಯ ಏರ್ಪಾಡು ಇಲ್ಲದ, ಪ್ರೊಸೆಸರ್ ಪಟ್ಟಿಯಲ್ಲಿ ಹೆಸರಿಲ್ಲದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಕೂತಲ್ಲೇ ಮುದಿಯಾದವು. ಮೇಷ್ಟ್ರ ಲ್ಯಾಪ್‌ಟಾಪು ಮಾತ್ರ ಎಲ್ಲಾ ಪರೀಕ್ಷೆಯಲ್ಲೂ ಪಾಸಾಗಿ ಹತ್ತರಿಂದ ಹನ್ನೊಂದಕ್ಕೆ ಏರಿತು. ಅದರ ಗ್ರಹಚಾರ.

ಅದು ಯಾವ ಕಂಪನಿಯ ಲ್ಯಾಪ್‌ಟಾಪ್, ಒಳಗೆ ಯಾವ ಕಂಪನಿಯ ಚಿಪ್ ಅಂತ ಹೇಳೋದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ಅನ್ಯಾಯ.

ಮೊದಲು ಹಳೇದಕ್ಕೆ ವಾಪಸ್ ಹೋಗೋಣ ಅಂತ ನೋಡಿದೆ. ಅಪ್‌ಗ್ರೇಡ್ ಆದಮೇಲೆ ಹಳೇ ವಿಂಡೋಸು 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಫೋಲ್ಡರಿನಲ್ಲಿ 10 ದಿನ ಇರುತ್ತದೆ. ಅಷ್ಟರೊಳಗೆ ಬೇಕಾದರೆ ಹಿಂದಕ್ಕೆ ಹೋಗಬಹುದು. ಆಮೇಲೆ ಆ ದಾರಿ ಮುಚ್ಚುತ್ತದೆ.

"ಸರಿಯಾಗೇ ಇದೆಯಲ್ಲಪ್ಪಾ" ಅಂದರು ಮೇಷ್ಟ್ರು. "ಸೂತಕವೂ ಹತ್ತೇ ದಿನ. ಅಲ್ಲೀತನಕ ಆತ್ಮ ಮನೆ ಸುತ್ತಾನೇ ಓಡಾಡ್ತಿರುತ್ತಂತೆ."

ಬೆರಳು ಮಡಚಿ ಎಣಿಸಿದೆವು. ಹನ್ನೆರಡನೇ ದಿನ. ಕಾಗೆ ಪಿಂಡ ಮುಟ್ಟಿ ಹಾರಿಹೋಗಿತ್ತು.

ಇನ್ನು ಕಾಯಿಲೆ ಏನು ಅಂತ ಹುಡುಕಬೇಕು. ಈವೆಂಟ್ ವ್ಯೂವರ್ ಅಂತ ವಿಂಡೋಸ್‌ನಲ್ಲಿ ಒಂದು ದಿನಚರಿ ಇರುತ್ತದೆ. ತೆರೆದರೆ 4101, 4101, 4101 ಅಂತ ಸಾಲುಸಾಲು. ಏನಪ್ಪಾ ಅಂದರೆ, ಪರದೆಯ ಚಿತ್ರ ಬರೆಯುವ ಗ್ರಾಫಿಕ್ಸ್ ಚಿಪ್ಪಿನಿಂದ ಕೆಲಸ ಮಾಡಿಸುವ ಪ್ರೋಗ್ರಾಂ, ಅಂದರೆ ಡಿಸ್‌ಪ್ಲೇ ಡ್ರೈವರ್ ಸುಮ್ಮನಾಗಿತ್ತು, ಯಶಸ್ವಿಯಾಗಿ ಚೇತರಿಸಿಕೊಂಡಿದೆ. ಆ 'ಯಶಸ್ವಿಯಾಗಿ' ಅನ್ನೋದನ್ನು ಗಮನಿಸಿ. ಚರಂಡಿಗೆ ಬಿದ್ದವನು ಮೇಲೆ ಬಂದು "ಯಶಸ್ವಿಯಾಗಿ ಎದ್ದೆ" ಅಂತ ಪತ್ರಿಕಾಗೋಷ್ಠಿ ಮಾಡಿದ ಹಾಗಿದೆ. ದಿನಕ್ಕೆ ನಲವತ್ತು ಸಲ ಯಶಸ್ಸು ಕಂಡಿದ್ದರೂ ಮೇಷ್ಟ್ರ ಆತ್ಮಕಥೆ ಮೂರನೇ ಅಧ್ಯಾಯ ದಾಟಿಲ್ಲ. 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಮಿಡ್ಲ್ ಸ್ಕೂಲಿನ ಹೊಸ್ತಿಲಲ್ಲೇ ಕತೆ ನಿಂತಿದೆ.

ಇದರ ಹಿಂದೆ ಟಿಡಿಆರ್ ಅನ್ನೋ ಏರ್ಪಾಡಿದೆ. ವಿಸ್ಟಾ ಅನ್ನೋ ಹಳೇ ವಿಂಡೋಸ್ ಕಾಲದಿಂದ ಇದೆ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕೊಟ್ಟು ವಿಂಡೋಸ್ ಕಾಯುತ್ತದೆ. ಎಷ್ಟು ಹೊತ್ತು? 2 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಚಿಪ್ಪನ್ನು ಅಲ್ಲಾಡಿಸಿ ಎಬ್ಬಿಸುತ್ತದೆ. ಒಂದು ನಿಮಿಷದಲ್ಲಿ 5 ಸಲಕ್ಕಿಂತ ಜಾಸ್ತಿ ಹೀಗಾದರೆ, ನನ್ನಿಂದಾಗಲ್ಲ ಅಂತ ಇಡೀ ಯಂತ್ರವನ್ನೇ ನಿಲ್ಲಿಸಿ 0x116 ಅನ್ನೋ ನಂಬರ್ ಕೊಡುತ್ತದೆ. ಇದನ್ನು ಮೇಷ್ಟ್ರಿಗೆ ವಿವರಿಸಿದೆ. ಪಿಂಚಣಿ ಫೈಲಿಗಾಗಿ ಎರಡು ವರ್ಷ ಕಾದವರು ಅವರು. "ಎರಡೇ ಸೆಕೆಂಡಾ?" ಅಂತ ಕೇಳಿ ಕಿಟಕಿಯ ಆಚೆ ನೋಡುತ್ತಾ ಕೂತರು.

ಲ್ಯಾಪ್‌ಟಾಪ್ ಕಂಪನಿಗೆ ಫೋನ್ ಮಾಡಿದೆವು. ಕನ್ನಡಕ್ಕೆ ನಾಲ್ಕು ಒತ್ತಿದೆವು. ಹಿಂದಿಯಲ್ಲಿ ಮಾತಾಡಿದರು. ರೀಸ್ಟಾರ್ಟ್ ಮಾಡಿದ್ರಾ? ಮಾಡಿದ್ವಿ. ಅಪ್‌ಡೇಟ್ ಮಾಡಿದ್ರಾ? ಮಾಡಿದ್ದಕ್ಕೇ ಫೋನ್ ಮಾಡ್ತಿರೋದು. ಹಾಗಾದರೆ ಎಸ್ಎಫ್‌ಸಿ ಸ್ಕ್ಯಾನ್ ಹಾಕಿ. ಈ ಸ್ಕ್ಯಾನ್ ಅನ್ನೋದು ಕಂಪ್ಯೂಟರ್ ಲೋಕದ ಜೀರಿಗೆ ಕಷಾಯ. ಅದು ನೋಡೋದು ವಿಂಡೋಸ್‌ನ ಸ್ವಂತ ಫೈಲು ಸರಿ ಇದೆಯಾ ಅಂತ. ಗ್ರಾಫಿಕ್ಸ್ ಡ್ರೈವರ್ ಬರೆದವರು ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲ. ಆದರೂ ನೆಗಡಿಗೂ ಅದೇ, ಕಾಲು ಮುರಿದರೂ ಅದೇ. ಹಾಕಿದೆವು. ಯಾವ ತೊಂದರೆಯೂ ಸಿಕ್ಕಿಲ್ಲ ಅಂತ ಬಂತು. ಬಂದ ಮರುಕ್ಷಣ ಪರದೆ ಕಪ್ಪಾಯಿತು.

"ಡ್ರೈವರ್ ಪ್ರಶ್ನೆ ಇದ್ದರೆ ಚಿಪ್ ಕಂಪನಿಯವರನ್ನು ಕೇಳಿ" ಅಂದರು. ಚಿಪ್ ಕಂಪನಿಯ ಪುಟಕ್ಕೆ ಹೋದರೆ, ನಿಮ್ಮ ಲ್ಯಾಪ್‌ಟಾಪಿನದು ಅದರ ಕಂಪನಿಯವರೇ ಹೊಂದಿಸಿಕೊಂಡ ಡ್ರೈವರು, ಅವರನ್ನೇ ಕೇಳಿ ಅಂತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಲ್ಲಿ ಕೂಸಿಗೆ ಎಪ್ಪತ್ತೊಂದು ವರ್ಷ.

ಈ ಚೆಂಡಾಟ ಹೊಸದೇನಲ್ಲ. ವಿಸ್ಟಾ ವಿಚಾರ ಅಮೆರಿಕದಲ್ಲಿ ಕೋರ್ಟಿಗೆ ಹೋದಾಗ ಮೈಕ್ರೋಸಾಫ್ಟ್‌ನ ಒಳಗಿನ ಲೆಕ್ಕಗಳು ಹೊರಗೆ ಬಂದವು. 2007ರಲ್ಲಿ ದಾಖಲಾದ ಒಂದು ಕಂತಿನ ಕ್ರ್ಯಾಶ್‌ಗಳಲ್ಲಿ ಹೆಚ್ಚುಕಡಿಮೆ 29% ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಡ್ರೈವರ್‌ಗಳ ಪಾಲು. ಸುಮಾರು 18% ಮೈಕ್ರೋಸಾಫ್ಟಿನದೇ. ಇನ್ನೊಂದು 17% ಯಾರದ್ದು ಅಂತಲೇ ಗೊತ್ತಿಲ್ಲ ಅನ್ನೋ ಖಾತೆಯಲ್ಲಿತ್ತು. ನನಗೆ ತುಂಬಾ ಹಿಡಿಸಿದ್ದು ಈ ಕೊನೇ ಖಾತೆ. ಕ್ರ್ಯಾಶ್ ಆಗಿರೋದು ನಿಜ, ಮಾಡಿದೋರು ಯಾರೂ ಇಲ್ಲ. ನಮ್ಮ ಲೋಕೋಪಯೋಗಿ ಕಾಮಗಾರಿಗಳ ವಾಸನೆ ಬರೋದಿಲ್ವಾ?

ಚಿಪ್ಪಿನ ವಿಚಾರಕ್ಕೆ ಬಂದರೆ, ಇಂಥ ಲ್ಯಾಪ್‌ಟಾಪಿನಲ್ಲಿ ಅದು ಒಂದಲ್ಲ, ಎರಡು. ಪ್ರೊಸೆಸರ್ ಜೊತೆಗೇ ಇರುವ ಸಣ್ಣದು ಮಾಮೂಲಿ ಕೆಲಸಕ್ಕೆ. ಬೇರೆಯಾಗಿ ಕೂತಿರುವ ದೊಡ್ಡದು ಆಟ, ವಿಡಿಯೋ ಎಡಿಟಿಂಗ್ ಥರದ ಭಾರದ ಕೆಲಸಕ್ಕೆ. ಬ್ಯಾಟರಿ ಉಳಿಯಲಿ ಅಂತ ದೊಡ್ಡದನ್ನು ಆಗಾಗ ಮಲಗಿಸುತ್ತಾರೆ, ಬೇಕಾದಾಗ ಎಬ್ಬಿಸುತ್ತಾರೆ. ಹಾಗೆ ಎದ್ದ ದೊಡ್ಡದು ಬರೆದ ಚಿತ್ರವೂ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಸಣ್ಣದರ ಕೈ ದಾಟಿಯೇ ಪರದೆಗೆ ಬರಬೇಕು. ಎರಡಕ್ಕೂ ಬೇರೆ ಬೇರೆ ಡ್ರೈವರ್. ಅಪ್‌ಗ್ರೇಡ್‌ನಲ್ಲಿ ಒಂದು ಹೊಸದಾಗಿ, ಇನ್ನೊಂದು ಹಳೇದೇ ಉಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಆತ್ಮಕಥೆ ಟೈಪ್ ಮಾಡಿ ಕರೆಂಟ್ ಬಿಲ್ ಕಟ್ಟುವ ಮೇಷ್ಟ್ರಿಗೆ ದೊಡ್ಡ ಚಿಪ್ಪು ಯಾಕೆ ಬೇಕಿತ್ತು ಅಂತ ಕೇಳಿದೆ. "ಅಂಗಡಿಯವನು ತಗೊಳ್ಳಿ ಸಾರ್, ಮುಂದಕ್ಕೆ ಬೇಕಾಗುತ್ತೆ ಅಂದ." ಮುಂದಕ್ಕೆ ಬೇಕಾಗಿದ್ದು ಇದಕ್ಕೇ ಇರಬೇಕು.

ಸರಿ, ಹೊಸ ಡ್ರೈವರ್ ಹಾಕಿದೆ. ಸಂಜೆತನಕ ಚೆನ್ನಾಗಿತ್ತು. ಮೇಷ್ಟ್ರು ಮಿಡ್ಲ್ ಸ್ಕೂಲಿನ ಹೊಸ್ತಿಲು ದಾಟಿ ಒಳಗೆ ಹೋದರು. ರಾತ್ರಿ ಅಪ್‌ಡೇಟ್ ಬಂದು, ಲ್ಯಾಪ್‌ಟಾಪ್ ಕಂಪನಿ ಒಪ್ಪಿಗೆ ಕೊಟ್ಟಿದ್ದ ಹಳೇ ಡ್ರೈವರನ್ನೇ ಅದರ ಮೇಲೆ ಕೂರಿಸಿ ಹೋಯಿತು. ಬೆಳಗ್ಗೆ ಮತ್ತೆ 4101. ಹಗಲು ಕಟ್ಟಿದ ಕೋಟೆಗೋಡೆ ರಾತ್ರಿ ಬೀಳುವ ಕತೆ ಅಜ್ಜಿ ಹೇಳುತ್ತಿದ್ದಳು. ಕೊನೆಗೆ ಯಾರನ್ನಾದರೂ ಬಲಿ ಕೊಟ್ಟರೇ ಗೋಡೆ ನಿಲ್ಲುತ್ತಿತ್ತಂತೆ. ಇಲ್ಲಿ ಬಲಿಗೆ ಸಿಕ್ಕಿದ್ದು ನನ್ನ ಭಾನುವಾರಗಳು.

ನಡುವೆ ಮೇಷ್ಟ್ರು ನನಗೆ ಹೇಳದೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೂ ಹೋಗಿ ಬಂದಿದ್ದರು. ಮೊದಲ ಅಂಗಡಿಯಲ್ಲಿ ಚಿಪ್ ಹೋಗಿದೆ, ರೀಬಾಲಿಂಗ್ ಆಗಬೇಕು ಅಂದರಂತೆ. ಅಂದರೆ ಚಿಪ್ಪನ್ನು ಕಾಯಿಸಿ ಎತ್ತಿ, ಅಡಿಯಲ್ಲಿರುವ ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡುಗಳನ್ನು ತೆಗೆದು ಹೊಸದು ಕೂರಿಸೋದು. ಗ್ಯಾರಂಟಿ? "ಅದು ದೇವರಿಗೆ ಬಿಟ್ಟಿದ್ದು ಸಾರ್." ಎರಡನೇ ಅಂಗಡಿಯ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನಿಂದ ಕಂಬಳಿಯಂಥ ಧೂಳು ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಚಿಪ್ಪು ಚೆನ್ನಾಗಿದೆ ಅಂಕಲ್, ಸಾಫ್ಟ್‌ವೇರ್‌ನವರು ಯಾರಾದ್ರೂ ಗೊತ್ತಿದ್ರೆ ಕೇಳಿ ಅಂದನಂತೆ. ಇಡೀ ಪ್ರಕರಣದಲ್ಲಿ ಸರಿಯಾಗಿ ಮಾತಾಡಿದ ಒಬ್ಬನೇ ಮನುಷ್ಯ. ಆದರೆ ಅವನ ಮಾತಿನಿಂದ ಚೆಂಡು ಮತ್ತೆ ನನ್ನ ಅಂಗಳಕ್ಕೆ ಬಂತು.

ಹಾಗಾಗಿ ಮುಂದಿನ ಭಾನುವಾರ ದೊಡ್ಡ ಶಾಂತಿಯನ್ನೇ ಮಾಡಿಸಿದೆ. ವೈಫೈ ಆಫ್. ಸೇಫ್ ಮೋಡ್. 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಅನ್ನೋ ಪುಕ್ಕಟೆ ಸಾಧನ. ಇದನ್ನು ಮಾಡಿದ್ದು ಚಿಪ್ ಕಂಪನಿಯೂ ಅಲ್ಲ, ಲ್ಯಾಪ್‌ಟಾಪ್ ಕಂಪನಿಯೂ ಅಲ್ಲ, ಮೈಕ್ರೋಸಾಫ್ಟೂ ಅಲ್ಲ. ದೊಡ್ಡವರು ಉಂಡೆದ್ದ ಎಲೆ ತೆಗೆಯೋಕೆ ಹೊರಗಿನವರು ಬಂದಿದ್ದಾರೆ. ಹಳೇ ಡ್ರೈವರ್‌ಗಳ ಬೇರುಸಮೇತ ಎಲ್ಲಾ ಹೋಯಿತು.

ಡ್ರೈವರೇ ಇಲ್ಲದಿದ್ದಾಗ ಪರದೆ ನೋಡಿಕೊಳ್ಳೋದು ವಿಂಡೋಸ್ ಜೊತೆಗೇ ಬರುವ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್'. ಹಾಳೂರಿಗೆ ಉಳಿದವನೇ ಗೌಡ. ಅದಕ್ಕೆ ನೆರಳು, ಮಿಂಚು, ಜಾರುವ ಕಿಟಕಿ ಯಾವುದೂ ಬಾರದು. ಆದರೆ ಆ ಗೌಡ ಅರ್ಧ ಗಂಟೆ ಒಂದೇ ಒಂದು ಸಲ ಬೀಳಲಿಲ್ಲ. ಐಕಾನ್‌ಗಳು ಇಡ್ಲಿ ಗಾತ್ರಕ್ಕೆ ಬಂದವು.

ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. "ಅರೆ! ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತಪ್ಪಾ. ಇದೇ ಅಲ್ವಾ ನಿಜವಾದ ಅಪ್‌ಗ್ರೇಡು? ಹೀಗೇ ಇರಲಿ ಬಿಡು."

"ಮೇಷ್ಟ್ರೇ, ಇದು ಕೆಟ್ಟಾಗ ಇರೋ ಸ್ಥಿತಿ."

"ಕೆಟ್ಟಾಗ ಇಷ್ಟು ಚೆನ್ನಾಗಿರುತ್ತೆ ಅಂದ್ರೆ ಸರಿ ಯಾಕೆ ಮಾಡ್ತೀಯ?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೂ ಕೈ ಸುಮ್ಮನಿರಲಿಲ್ಲ. ಎರಡೂ ಚಿಪ್ಪಿಗೆ ಹೊಂದುವ ಡ್ರೈವರ್ ಹುಡುಕಿ ಹಾಕಿದೆ. ಅಪ್‌ಡೇಟ್ ಜೊತೆ ಡ್ರೈವರ್ ಬರದ ಹಾಗೆ ಒಂದು ಸೆಟ್ಟಿಂಗ್ ಬದಲಿಸಿದೆ. ದೊಡ್ಡ ಚಿಪ್ಪನ್ನು ಡಿವೈಸ್ ಮ್ಯಾನೇಜರಿನಲ್ಲಿ ಡಿಸೇಬಲ್ ಮಾಡಿ ಮಲಗಿಸಿಯೇ ಬಿಟ್ಟೆ. ಮೇಷ್ಟ್ರು ಅದಕ್ಕೆ ಕೊಟ್ಟ ದುಡ್ಡು ನೆನೆಸಿಕೊಂಡು ಎರಡು ನಿಮಿಷ ಮೌನ ಆಚರಿಸಿದರು. ಮುಂದೆ ಪರದೆ ಸ್ತಬ್ಧವಾದರೆ ಒತ್ತಿ ಅಂತ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತೋದು ಹೇಳಿಕೊಟ್ಟೆ. ಗ್ರಾಫಿಕ್ಸ್ ಡ್ರೈವರನ್ನು ಮೊದಲಿಂದ ಎಬ್ಬಿಸುವ ಗುಟ್ಟಿನ ಬೀಗದ ಕೈ ಇದು. ಹಾರ್ಮೋನಿಯಂ ಹಿಡಿದವರ ಥರ ಬೆರಳು ಇಟ್ಟು ಅಭ್ಯಾಸ ಮಾಡಿದರು. ಒಂದು ಬೀಪ್ ಬಂತು. ಶ್ರುತಿ ಸೇರಿದಷ್ಟು ಖುಷಿಪಟ್ಟರು.

ಇಷ್ಟೆಲ್ಲಾ ಆಗುವಾಗ ಕಂಪನಿ ಸುಮ್ಮನೆ ಕೂತಿತ್ತು ಅಂತ ತಿಳಿಯಬೇಡಿ. 2025ರಲ್ಲಿ ಕ್ರ್ಯಾಶ್ ವಿಚಾರದಲ್ಲಿ ಕಣ್ಣಿಗೆ ಕಾಣುವ ಸುಧಾರಣೆಯನ್ನೇ ಮೈಕ್ರೋಸಾಫ್ಟ್ ತಂದಿದೆ. ಯಂತ್ರ ಪೂರ್ತಿ ಕೆಟ್ಟು ನಿಂತಾಗ ಬರುವ, ಇಷ್ಟು ವರ್ಷ ನೀಲಿಯಾಗಿದ್ದ 'ಸಾವಿನ ಪರದೆ'ಗೆ ಕಪ್ಪು ಬಣ್ಣ ಬಳಿದಿದೆ. 2012ರ ವಿಂಡೋಸ್ 8ರಿಂದ ಆ ಪರದೆಯ ಮೇಲಿದ್ದ ಅಳುಮೋರೆಯ ಚಿಹ್ನೆಯನ್ನೂ ತೆಗೆದಿದೆ. ರಸ್ತೆಗುಂಡಿಗೆ ಟಾರಿನ ಬಣ್ಣವನ್ನೇ ಬಳಿದರೆ ಗುಂಡಿ ಕಾಣೋದಿಲ್ಲ, ಕಾಣದಿದ್ದರೆ ದೂರು ಬರೋದಿಲ್ಲ. ಈ ಉಪಾಯ ನಮ್ಮ ನಗರಪಾಲಿಕೆಗಳಿಗೆ ಇನ್ನೂ ಹೊಳೆದಿಲ್ಲ ಅನ್ನೋದೇ ಆಶ್ಚರ್ಯ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಯೋಚಿಸಿದರು. "ಕೆಟ್ಟಾಗಲೂ ಕಪ್ಪು, ಆಫ್ ಮಾಡಿದಾಗಲೂ ಕಪ್ಪು. ಯಾವುದು ಅಂತ ಹೆಂಗಪ್ಪಾ ತಿಳ್ಕೊಳ್ಳೋದು?"

"ಕೆಟ್ಟಾಗ ಬಿಳಿ ಅಕ್ಷರದಲ್ಲಿ ಬರೆದಿರುತ್ತೆ ಮೇಷ್ಟ್ರೇ."

"ಗ್ರಾಫಿಕ್ಸೇ ಕೆಟ್ಟಿದ್ರೆ ಅಕ್ಷರ ಬರೆಯೋರು ಯಾರು?"

ನಲವತ್ತು ವರ್ಷ ಪಾಠ ಮಾಡಿದವರನ್ನು ಮಾತಿನಲ್ಲಿ ಗೆಲ್ಲೋಕಾಗಲ್ಲ.

ಎರಡು ವಾರ ಏನೂ ಸದ್ದಿಲ್ಲ. ಆತ್ಮಕಥೆ ಹೈಸ್ಕೂಲು ಮುಟ್ಟಿತು ಅಂತ ಅವರ ಮನೆಯವರು ಕೊಬ್ಬರಿ ಮಿಠಾಯಿ ಕೊಟ್ಟು ಹೋದರು. ನಿನ್ನೆ ಶನಿವಾರ ಸಂಜೆ ಮತ್ತೆ ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು. ಕಂಕುಳಲ್ಲಿ ಅದೇ ಲ್ಯಾಪ್‌ಟಾಪ್. ತೆರೆದು ನೋಡಿದೆ. ಪರದೆ ಫಳಫಳ ಹೊಳೆಯುತ್ತಿತ್ತು. 4101 ಒಂದೂ ಇಲ್ಲ.

"ಚೆನ್ನಾಗೇ ಇದೆಯಲ್ಲ ಮೇಷ್ಟ್ರೇ. ಮತ್ತೆ ಏನು ಬಂದ್ರಿ?"

"ಹೊಸ ಅಪ್‌ಡೇಟ್ ಬಂದಿದೆಯಂತೆ. 'ಈಗಲೇ' ಅಂತ ಒಂದಿದೆ, 'ರಾತ್ರಿಗೆ' ಅಂತ ಒಂದಿದೆ. ಒತ್ತೋಕೆ ಮುಂಚೆ ನಿನ್ನ ನಾಳೆ ಭಾನುವಾರ ಖಾಲಿ ಇದೆಯಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."