ಸೊನ್ನೆ ಯಾಕಲ್ಲ?

ಲೀಡರ್‌ಶಿಪ್ ಕೋಚಿಂಗ್ ತರಬೇತಿಗೆ ಹೋಗುವ ಮುಂಚೆ ನಮ್ಮ ಮ್ಯಾನೇಜರ್ ಬೈಯುತ್ತಿದ್ದರು. ಅದು ಸುಲಭವಾಗಿತ್ತು. ತಲೆ ತಗ್ಗಿಸಿ ನಿಂತು, ಬೈಸಿಕೊಂಡು ಬಂದು, ಕೆಲಸ ಮಾಡಿದರಾಯಿತು. ತರಬೇತಿ ಮುಗಿಸಿ ಬಂದವರು ಪ್ರಶ್ನೆ ಕೇಳತೊಡಗಿದರು. ಅದೂ ನಗುನಗುತ್ತಾ. ಪ್ರಶ್ನೆ ಅಂದ ಮೇಲೆ ಉತ್ತರ ಕೊಡಬೇಕಲ್ಲ!

ಮೊದಲ ಪ್ರಯೋಗ ನಡೆದದ್ದು ಸರ್ವರ್ ಕೈಕೊಟ್ಟ ದಿನ. ಗ್ರಾಹಕರ ಫೋನು ಒಂದರ ಹಿಂದೆ ಒಂದು. ಎಲ್ಲರೂ ಆ ಕಡೆ ಈ ಕಡೆ ಓಡಾಡುತ್ತಿದ್ದೆವು. ಮ್ಯಾನೇಜರ್ ಮಾತ್ರ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು.

"ಸಿಸ್ಟಮ್ ತುಂಬಾ ಚೆನ್ನಾಗಿ ನಡೆದ ಒಂದು ದಿನ ನೆನಪು ಮಾಡ್ಕೊಳ್ಳಿ. ಅವತ್ತು ಏನೇನು ಸರಿಯಾಗಿತ್ತು?"

ನಮ್ಮ ಟೆಕ್ನಿಷಿಯನ್ ತಲೆ ಎತ್ತಲಿಲ್ಲ. "ಅವತ್ತು ಯುಪಿಎಸ್ ಕೆಲಸ ಮಾಡ್ತಿತ್ತು ಸಾರ್."

"ವೆರಿ ಗುಡ್! ಅದು ಇನ್ನೂ ಚೆನ್ನಾಗಿ ನಡೀಬೇಕು ಅಂದ್ರೆ ಏನು ಮಾಡಬಹುದು?"

"ಬ್ಯಾಟರಿ ಬದಲಾಯಿಸಬಹುದು ಸಾರ್. ಹೋದ ವರ್ಷವೇ ಕೇಳಿದ್ದೆ. ನಿಮ್ಮ ಟೇಬಲ್ ಮೇಲೇ ಇದೆ ಅರ್ಜಿ."

ಅಲ್ಲಿಗೆ ಆವತ್ತಿನ ಕೋಚಿಂಗ್ ಮುಗಿಯಿತು. ಹಾಗೆ ನೋಡಿದರೆ ಪ್ರಶ್ನೆ ತನ್ನ ಕೆಲಸ ಮಾಡಿತ್ತು. ವರ್ಷವಿಡೀ ಹೊರಬರದ ವಿಷಯ ಒಂದೇ ನಿಮಿಷದಲ್ಲಿ ಹೊರಬಂತು. ಬಂದ ಉತ್ತರ ತರಬೇತಿಯ ಸ್ಲೈಡ್‌ನಲ್ಲಿ ಇರಲಿಲ್ಲ, ಅಷ್ಟೇ.

ಈ ವಿಧಾನದ ಹೆಸರು ಅಪ್ರಿಷಿಯೇಟಿವ್ ಎಂಕ್ವೈರಿ. ಇದು ಹುಟ್ಟಿದ ಕಥೆ ನನಗೆ ನಿಜವಾಗಿಯೂ ಇಷ್ಟ. 1980ರಲ್ಲಿ ಡೇವಿಡ್ ಕೂಪರೈಡರ್ ಎಂಬ ಸಂಶೋಧನಾ ವಿದ್ಯಾರ್ಥಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಹೋದರು. ಸಂಸ್ಥೆಯಲ್ಲಿ ಏನೇನು ಕೆಟ್ಟಿದೆ ಎಂದು ಹುಡುಕುವುದು ಅವರ ಕೆಲಸ. ಆದರೆ ಅಲ್ಲಿನ ಜನ ಒಬ್ಬರಿಗೊಬ್ಬರು ಹೆಗಲು ಕೊಟ್ಟು ದುಡಿಯುವುದು ಕಂಡು ಅವರಿಗೆ ಆಶ್ಚರ್ಯವಾಯಿತು. ಕೆಟ್ಟದ್ದನ್ನು ಪಟ್ಟಿ ಮಾಡುವುದು ಬಿಟ್ಟು, ಚೆನ್ನಾಗಿ ನಡೆಯುತ್ತಿರುವುದು ಹೇಗೆ ನಡೆಯುತ್ತಿದೆ ಎಂದು ಕೇಳುತ್ತಾ ಹೊರಟರು. ಅವರ ಗೈಡ್ ಸುರೇಶ್ ಶ್ರೀವಾಸ್ತವ ಬೆನ್ನು ತಟ್ಟಿದರು. 1987ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಿಂದ ಇದು ಎಲ್ಲ ಕಡೆ ಹರಡಿತು. ಮುಂದೆ ಇದಕ್ಕೆ ನಾಲ್ಕು ಹೆಜ್ಜೆಗಳಾದವು. ಇರುವ ಒಳ್ಳೆಯದನ್ನು ಹುಡುಕು, ಕನಸು ಕಾಣು, ಕನಸಿಗೊಂದು ರೂಪ ಕೊಡು, ಕೆಲಸಕ್ಕೆ ಇಳಿ.

ನಮ್ಮ ಮ್ಯಾನೇಜರ್ ಎರಡನೇ ಹೆಜ್ಜೆಯಲ್ಲೇ ಮನೆ ಕಟ್ಟಿಕೊಂಡುಬಿಟ್ಟರು.

ಕನಸು ಕಾಣಿಸಲು ಅವರು ಹಿಡಿದದ್ದು ಪವಾಡದ ಪ್ರಶ್ನೆ. ಇದು ಬೇರೆ ಮನೆಯ ಸರಕು. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಎಂಬ ದಂಪತಿ ತಮ್ಮ ಬಳಿ ಮಾನಸಿಕ ಚಿಕಿತ್ಸೆಗೆ ಬಂದವರಿಗೆ ಕೇಳುತ್ತಿದ್ದದ್ದು. ನೀವು ಮಲಗಿದ್ದಾಗ ಪವಾಡ ನಡೆದು ಸಮಸ್ಯೆಯೆಲ್ಲ ಮಾಯವಾಗಿದೆ. ಬೆಳಗ್ಗೆ ಎದ್ದಾಗ ಅದು ನಿಮಗೆ ಹೇಗೆ ಗೊತ್ತಾಗುತ್ತೆ?

"ಅಲಾರಂ ಹೊಡೆಯಲ್ಲ ಸಾರ್" ಎಂದ ನಮ್ಮಲ್ಲಿನ ಹೊಸ ಹುಡುಗ.

"ಆಮೇಲೆ?"

"ಇನ್ನೊಂದು ಸಲ ಮಲಗ್ತೀನಿ."

ಮ್ಯಾನೇಜರ್ ಬೋರ್ಡ್ ಮೇಲೆ 'ವಿಶ್ರಾಂತಿಯ ಮಹತ್ವ' ಎಂದು ಬರೆದು ಅಡಿಗೆರೆ ಎಳೆದರು.

ಅದೇ ದಂಪತಿ ಬಳಸುತ್ತಿದ್ದ ಇನ್ನೊಂದು ಪ್ರಶ್ನೆ ಅಂಕದ್ದು. ಸೊನ್ನೆಯಿಂದ ಹತ್ತರೊಳಗೆ ನೀವು ಎಲ್ಲಿದ್ದೀರಿ? ಎಷ್ಟೇ ಕಡಿಮೆ ಹೇಳಿದರೂ ಕೋಚ್ ಬೇಸರಪಡುವುದಿಲ್ಲ. ಅಷ್ಟು ಯಾಕೆ ಇದೆ, ಅದಕ್ಕಿಂತ ಕಡಿಮೆ ಯಾಕಿಲ್ಲ ಎಂದು ಕೇಳುತ್ತಾರೆ. ಆಗ ಉತ್ತರಿಸುವವರು ತಮ್ಮಲ್ಲಿರುವ ಒಳ್ಳೆಯದನ್ನು ತಾವೇ ಹೇಳಬೇಕಾಗುತ್ತದೆ. ಜಾಣತನದ ಉಪಾಯ, ಒಪ್ಪಿದೆ.

"ಈ ಪ್ರಾಜೆಕ್ಟ್ ಬಗ್ಗೆ ನಿಮ್ಮ ಉತ್ಸಾಹ ಎಷ್ಟು?" ಎಂದು ನನ್ನನ್ನು ಕೇಳಿದರು.

"ಎರಡು."

"ಇಂಟರೆಸ್ಟಿಂಗ್! ಸೊನ್ನೆ ಯಾಕಲ್ಲ?"

"ಸೊನ್ನೆ ಅಂದ್ರೆ ಮೀಟಿಂಗ್ ಉದ್ದ ಆಗುತ್ತೆ ಸಾರ್."

ಎರಡು ಅಂದರೂ ಉದ್ದವೇ ಆಯಿತು.

ಇಷ್ಟಾದರೂ ಪರವಾಗಿಲ್ಲ ಎನ್ನಬಹುದಿತ್ತು. ನಿಜವಾದ ಕಷ್ಟ ಶುರುವಾದದ್ದು ನಮ್ಮ ಶಕ್ತಿಗಳು ಪತ್ತೆಯಾದ ಮೇಲೆ. ಡೊನಾಲ್ಡ್ ಕ್ಲಿಫ್ಟನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಹಾಕಿಕೊಟ್ಟ ಪಟ್ಟಿಯಲ್ಲಿ 34 ಬಗೆಯ ಶಕ್ತಿಗಳಿವೆ. ಆನ್‌ಲೈನ್ ಪರೀಕ್ಷೆ ಬರೆದರೆ ನಿಮ್ಮಲ್ಲಿ ಯಾವುದು ಮೇಲಿದೆ ಎಂದು ತಿಳಿಯುತ್ತದೆ. ನನ್ನದು ಹೊಣೆಗಾರಿಕೆ ಎಂದು ಬಂತು. ಖುಷಿಯಿಂದ ಎಲ್ಲರಿಗೂ ತೋರಿಸಿಕೊಂಡು ಬಂದೆ. ಮಾರನೇ ದಿನದಿಂದ ಯಾರಿಗೂ ಬೇಡವಾದ ಕೆಲಸವೆಲ್ಲ ನನ್ನ ಮೇಜಿಗೆ ಬರತೊಡಗಿತು. "ಇದು ನಿಮ್ಮ ಶಕ್ತಿಗೆ ಸರಿಯಾಗಿ ಹೊಂದುತ್ತೆ" ಎಂಬ ಚೀಟಿಯ ಜೊತೆ. ಪಕ್ಕದವರದ್ದು ಸಾಮರಸ್ಯ. ಅವರನ್ನು ಸಿಟ್ಟಾದ ಗ್ರಾಹಕರ ಮುಂದೆ ಕೂರಿಸಿದರು. ಹೊಸ ಹುಡುಗ ಚುರುಕು. ನಮ್ಮ ಗತಿ ನೋಡಿದವನೇ, ಪರೀಕ್ಷೆಯ ಲಿಂಕ್ ತೆರೆಯುತ್ತಿಲ್ಲ ಎಂದು ಕೊನೆಯವರೆಗೂ ಹೇಳಿ ಬಚಾವಾದ. ಒಬ್ಬರ ಶಕ್ತಿ ಗುರುತಿಸುವುದು ಸರಿಯೇ. ಅದರ ಮೇಲೆ ಎಷ್ಟು ಹೊರೆ ಹಾಕಬಹುದು ಅಂತಲೂ ಒಂದು ಮಾತು ಕೇಳಬೇಡವಾ?

ಹೊಗಳಿಕೆಗೂ ಲೆಕ್ಕ ಬಂತು. ಮೂರು ಒಳ್ಳೆಯ ಮಾತಿಗೆ ಒಂದು ಕೆಟ್ಟ ಮಾತು. ಈ ಲೆಕ್ಕದ ಬೇರು 2005ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಬರೆದ ಲೇಖನದಲ್ಲಿದೆ. ಅಲ್ಲಿ ಒಂದು ಕೆಟ್ಟ ಭಾವನೆಗೆ ಎಷ್ಟು ಒಳ್ಳೆಯ ಭಾವನೆ ಬೇಕು ಎಂಬುದಕ್ಕೆ 2.9013 ಎಂಬ ಅನುಪಾತ ಇತ್ತು. ದಶಮಾಂಶದ ಮುಂದೆ ನಾಲ್ಕು ಸ್ಥಾನ! ಮನುಷ್ಯರ ಸಂತೋಷವನ್ನು ಇಷ್ಟು ನಿಖರವಾಗಿ ಯಾರೂ ತೂಗಿರಲಿಲ್ಲ. 2013ರಲ್ಲಿ ನಿಕ್ ಬ್ರೌನ್ ಎಂಬ ವಿದ್ಯಾರ್ಥಿ ಮತ್ತು ಅಲನ್ ಸೋಕಲ್ ಎಂಬ ಭೌತವಿಜ್ಞಾನಿ ಇನ್ನೊಬ್ಬರ ಜೊತೆ ಸೇರಿ, ಅದರ ಗಣಿತಕ್ಕೆ ಬುಡವೇ ಇಲ್ಲ ಎಂದು ತೋರಿಸಿದರು. ಗಣಿತದ ಭಾಗವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಸುದ್ದಿ ನಮ್ಮ ಮ್ಯಾನೇಜರ್‌ಗೆ ಇನ್ನೂ ತಲುಪಿರಲಿಲ್ಲ. "ನಿಮ್ಮ ಅಕ್ಷರ ಚೆನ್ನಾಗಿದೆ. ಸಮಯಕ್ಕೆ ಸರಿಯಾಗಿ ಬರ್ತೀರಿ. ಎಲ್ಲರ ಜೊತೆ ಹೊಂದ್ಕೊಂಡು ಹೋಗ್ತೀರಿ." ಮೂರನೆಯದು ಕಿವಿಗೆ ಬಿದ್ದ ತಕ್ಷಣ ನಾವು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆವು.

ಇಷ್ಟೆಲ್ಲ ಹೇಳಿದ ಮೇಲೂ ಈ ವಿಧಾನವನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ತಪ್ಪು ತೋರಿಸುವುದೂ ಅಂಥ ದೊಡ್ಡ ಮದ್ದೇನಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡಿನೀಸಿ 1996ರಲ್ಲಿ ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಹಾಕಿ ನೋಡಿದರು. ಮೂರನೇ ಒಂದು ಪಾಲಿಗಿಂತ ಹೆಚ್ಚು ಸಲ ಫೀಡ್‌ಬ್ಯಾಕ್‌ನಿಂದ ಕೆಲಸ ಇನ್ನೂ ಹದಗೆಟ್ಟಿತ್ತು. ಮುಂದೆ ಇದೇ ಕ್ಲೂಗರ್, ಅಪ್ರಿಷಿಯೇಟಿವ್ ಎಂಕ್ವೈರಿಯಿಂದಲೇ ಎಳೆ ಹಿಡಿದು ಫೀಡ್‌ಫಾರ್ವರ್ಡ್ ಸಂದರ್ಶನ ಎಂಬುದನ್ನು ರೂಪಿಸಿದರು. ಅದರಲ್ಲಿ ಒಂದು ನಿಜವಾದ ಘಟನೆ ಕೇಳುತ್ತಾರೆ. ಫಲಿತಾಂಶ ತಿಳಿಯುವ ಮೊದಲೇ, ಕೆಲಸ ಮಾಡುವಾಗಲೇ ಮನಸ್ಸು ಅರಳಿದ್ದು ಯಾವಾಗ? ಆಗ ಸುತ್ತಮುತ್ತ ಏನೇನು ಇತ್ತು? ಕೇಳಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಬಾಯಿ ಮುಚ್ಚುವ ಭಾಗವೇ ಕಷ್ಟ.

ನಮ್ಮ ಮ್ಯಾನೇಜರ್‌ಗೆ ಒಂದು ದಿನ ಅದೂ ಸಾಧ್ಯವಾಯಿತು. ಗಂಟಲು ಕಟ್ಟಿತ್ತು ಅನ್ನುವುದು ಬೇರೆ ಮಾತು. ಎದುರಿಗೆ ಕೂತಿದ್ದವರು ನಮ್ಮ ಅಕೌಂಟ್ಸ್ ಮೇಡಂ. ಆಮೇಲೆ ಆಕೆಯೇ ನಮಗೆ ಹೇಳಿದ್ದು. ಹೋದ ಸಲ ವರ್ಷದ ಲೆಕ್ಕ ಮುಗಿಸಿದ ವಾರ, ಯಾರನ್ನೂ ಕೇಳದೆ ತಾವೇ ತೀರ್ಮಾನ ಮಾಡಿದ್ದು, ತಪ್ಪು ಸಿಕ್ಕಾಗ ಮೂರು ಜನ ಒಟ್ಟಿಗೆ ಕೂತು ಹುಡುಕಿದ್ದು, ಅದರ ಮಜಾ, ಎಲ್ಲ ವಿವರವಾಗಿ ಹೇಳಿದರಂತೆ. ಮ್ಯಾನೇಜರ್ ನಡುವೆ ಬಾಯಿ ಹಾಕದೆ ಬರೆದುಕೊಂಡರಂತೆ. ಬರೆದು ಮುಗಿಸಿ ಲೆಕ್ಕ ಹಾಕಿದಾಗ ಒಂದು ವಿಷಯ ಹೊಳೆಯಿತು.

"ಆ ವಾರ ನಾನು ರಜೆಯಲ್ಲಿದ್ದೆ ಅಲ್ವಾ? ಹಾಗಾದ್ರೆ ನಾನು ಇಲ್ಲದ್ದೇ ಕಾರಣವಾ?"

"ಕಾರಣ ಅಂತ ಅಲ್ಲ ಸಾರ್. ಅನುಕೂಲ ಆಯ್ತು."

ಮ್ಯಾನೇಜರ್ ಮೊದಲ ಬಾರಿಗೆ "ವೆರಿ ಗುಡ್" ಅನ್ನಲಿಲ್ಲವಂತೆ. ಆದರೆ ಮುಂದಿನ ವಾರದಿಂದ ದಿನದ ಮೀಟಿಂಗ್ ನಿಂತು ವಾರಕ್ಕೊಂದಾಯಿತು. ಅದರಲ್ಲಿ ಮೊದಲ ಹದಿನೈದು ನಿಮಿಷ ದೂರು ಹೇಳಲಿಕ್ಕೇ ಮೀಸಲು. ಬೇಕಾದ್ದನ್ನು ಗೊಣಗಬಹುದು. ಗೊಣಗಿದ ಮೇಲೆ, ಹಾಗಾದರೆ ನಿಮಗೆ ಬೇಕಿದ್ದದ್ದು ಏನು ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನಮಗೆ ಉತ್ತರ ತಾನಾಗಿ ಬರುತ್ತದೆ.

ಮೊದಲ ವಾರ ದೂರು ಹೇಳಲು ಎಲ್ಲರೂ ಹಿಂದೆ ಮುಂದೆ ನೋಡಿದೆವು. ಕೊನೆಗೆ ಮ್ಯಾನೇಜರ್ ಅವರೇ ಶುರು ಮಾಡಿದರು. ಅವರ ಮೇಲಿನವರೂ ಅದೇ ತರಬೇತಿಗೆ ಹೋಗಿ ಬಂದಿದ್ದಾರಂತೆ. ನಮ್ಮ ವಿಭಾಗದ ಬಜೆಟ್ ಅರ್ಧಕ್ಕೆ ಇಳಿಸಿ, ನಗುನಗುತ್ತಾ ಕೇಳಿದರಂತೆ:

"ಬಜೆಟ್ ಸಾಕಾಗಿದ್ದ ಒಂದು ವರ್ಷ ನೆನಪು ಮಾಡ್ಕೊಳ್ಳಿ."